ನರಳ್ತಿರೋ ಕೋಳಿ ಮರಿನ ನಾವೇ ಸಾಯಿಸ್ಬೇಕಾಗಿ ಬಂದಾಗ ಮನಸ್ಸು ಹಿಡ್ಕೊಳ್ಳೋದು ಹೇಗೆ

ಹಿತ್ಲಲ್ಲಿ ನಾಲ್ಕು ಕೋಳಿ ಸಾಕೋರಿಗೂ, ಶೆಡ್ ಹಾಕ್ಕೊಂಡು ಸಾವಿರಗಟ್ಲೆ ಸಾಕೋರಿಗೂ ಒಂದಲ್ಲ ಒಂದು ದಿನ ಈ ಕೆಲ್ಸ ಎದುರಾಗುತ್ತೆ. ಫೀಡ್ ಬಗ್ಗೆ ಕೇಳಿ, ಲಸಿಕೆ ಬಗ್ಗೆ ಕೇಳಿ, ಗಿರಿರಾಜ ತಳಿ ಒಳ್ಳೇದಾ ನಾಟಿ ಒಳ್ಳೇದಾ ಅಂತ ಕೇಳಿ, ಹೇಳೋಕೆ ಜನ ಬೇಕಾದಷ್ಟಿದ್ದಾರೆ. ಆದ್ರೆ ಅಂಗೈಯಲ್ಲಿ ಒಂದು ಮರಿ ಉಸಿರಾಡೋಕೆ ಒದ್ದಾಡ್ತಾ ಇದೆ, ಅದು ಬದುಕಲ್ಲ ಅಂತ ಗೊತ್ತಾಗಿದೆ, ಈಗ ಏನ್ಮಾಡ್ಲಿ, ಮಾಡಿದ್ಮೇಲೆ ನನ್ನ ಎದೆ ಒಳಗಿನ ಭಾರ ಎಲ್ಲಿ ಇಳಿಸ್ಲಿ ಅಂತ ಕೇಳಿದ್ರೆ ಬರೋ ಉತ್ತರ ಎರಡೇ. ಒಂದು, "ಒಂದು ಮರಿ ತಾನೆ ಬಿಡು". ಇನ್ನೊಂದು, "ಅಯ್ಯೋ ಪಾಪ ಬರುತ್ತೆ, ಅದರ ಪಾಡಿಗೆ ಬಿಟ್ಬಿಡು". ಈ ಎರಡರಿಂದಲೂ ಮರಿಗೂ ಉಪಯೋಗ ಇಲ್ಲ, ಸಾಕಿದವರಿಗೂ ಇಲ್ಲ.

ಯಾಕಿಷ್ಟು ನೋವಾಗುತ್ತೆ ಅನ್ನೋದನ್ನ ಮೊದ್ಲು ಒಪ್ಕೊಳ್ಳಿ. ಒಳ್ಳೆ ಮೊಟ್ಟೆ ಆರಿಸಿ ಹೇಟೆನ ಕಾವಿಗೆ ಕೂರ್ಸಿರ್ತೀರ, ಇಲ್ಲಾಂದ್ರೆ ಕಾವು ಕೊಡೋ ಯಂತ್ರಕ್ಕೆ, ಅಂದ್ರೆ ಇನ್ಕ್ಯುಬೇಟರ್‌ಗೆ, ಇಟ್ಟಿರ್ತೀರ, ಮಧ್ಯದಲ್ಲಿ ಮೊಬೈಲ್ ಟಾರ್ಚ್ ಹಿಡ್ದು ಒಳಗೆ ರಕ್ತನಾಳ ಮೂಡಿದ್ಯಾ ಅಂತ ನೋಡಿರ್ತೀರ, ಹತ್ತಿರತ್ತಿರ 21 ದಿನ ಕಾದಿರ್ತೀರ, ಕೊನೆ ದಿನ ಚಿಪ್ಪಿನ ಒಳಗಿಂದ ಕಿಂಚ್ ಕಿಂಚ್ ಅನ್ನೋದು ಕೇಳಿ ಮನೆಯವರನ್ನೆಲ್ಲ ಕರೆದಿರ್ತೀರ. ಆ ಮರಿ ಜೊತೆ ಸಂಬಂಧ ಅದು ಹುಟ್ಟೋಕೆ ಮುಂಚೆನೇ ಶುರುವಾಗಿರುತ್ತೆ. ಅಂಥದ್ದನ್ನ ಕೈಯಾರೆ ಸಾಯಿಸ್ಬೇಕು ಅಂದಾಗ ಕೈ ನಡುಗೋದು ಸಹಜ, ಅದು ನೀವು ಮೆತ್ತಗಿನ ಮನುಷ್ಯರು ಅನ್ನೋದಕ್ಕೆ ಗುರುತಲ್ಲ. ವರ್ಷಾನುಗಟ್ಲೆ ಸಾಕಿದ ಅಜ್ಜಿಯಂದಿರೂ ಆ ಹೊತ್ತಲ್ಲಿ ಸುಮ್ನಾಗ್ಬಿಡ್ತಾರೆ, ಗಮನಿಸಿ ನೋಡಿ.

ನಾನು ನೋಡಿದ ಮಟ್ಟಿಗೆ ಜನರನ್ನ ಜಾಸ್ತಿ ಹಿಂಡೋದು ಸಾಯಿಸೋ ಆ ಕ್ಷಣಕ್ಕಿಂತ ಅದಕ್ಕೆ ಮುಂಚಿನ ತೊಳಲಾಟ. ಮಾಡ್ಲಾ ಬೇಡ್ವಾ, ಇನ್ನೊಂದು ಗಂಟೆ ನೋಡ್ಲಾ, ನಾಳೆ ಬೆಳಿಗ್ಗೆ ಸರಿಹೋಗ್ಬಹುದಾ ಅಂತ ಎರಡು ಮೂರು ದಿನ ತಳ್ಳೋದು. ಆ ದಿನಗಳಲ್ಲಿ ಮರಿನೂ ನರಳುತ್ತೆ, ನೀವೂ ನಿದ್ದೆಗೆಡ್ತೀರ, ಆಮೇಲೆ ನೆನಪಲ್ಲಿ ಉಳಿಯೋದೂ ಅದೇ. ಅದಕ್ಕೇ ಈ ಬರಹದಲ್ಲಿ ಜಾಸ್ತಿ ಜಾಗ ತೀರ್ಮಾನಕ್ಕೇ ಕೊಟ್ಟಿದ್ದೀನಿ.

ಮೊದ್ಲು, ಉಳಿಸೋಕಾಗುತ್ತಾ ನೋಡಿ

ಇದನ್ನ ಮನಸ್ಸಿನ ನೆಮ್ಮದಿಗೋಸ್ಕರನೇ ಹೇಳ್ತಿರೋದು. ಆಮೇಲೆ "ಛೇ ಅದಕ್ಕೆ ಔಷಧಿ ಇತ್ತಂತೆ" ಅಂತ ಯಾರಾದ್ರೂ ಅಂದ್ರೆ ಅದರಷ್ಟು ಚುಚ್ಚೋ ಮಾತು ಇನ್ನೊಂದಿಲ್ಲ, ಹಾಗಾಗಿ ಸರಿಹೋಗೋಂಥವು ಯಾವ್ಯಾವು ಅಂತ ಮುಂಚೆನೇ ತಿಳ್ಕೊಂಡಿರಿ.

ಹೊಸದಾಗಿ ಒಡೆದ ಮರಿ ಮೊದಲ ಎರಡು ದಿನ ಏನೂ ತಿನ್ನದೆ ಇದ್ರೂ ಗಾಬರಿ ಬೇಡ, ಹೊಟ್ಟೆ ಒಳಗಿನ ಹಳದಿ ಲೋಳೆಯಿಂದನೇ 48ರಿಂದ 72 ಗಂಟೆವರೆಗೆ ಅದಕ್ಕೆ ಆಹಾರ ಸಿಗುತ್ತೆ. ಕಾಲು ಎರಡೂ ಕಡೆ ಚಾಚ್ಕೊಂಡು ನಿಲ್ಲೋಕಾಗ್ತಿಲ್ಲ ಅಂದ್ರೆ ಮೊದಲ ಎರಡು ಮೂರು ದಿನದಲ್ಲೇ ಎರಡೂ ಕಾಲಿಗೆ ಸಡಿಲವಾಗಿ ಬ್ಯಾಂಡೇಜ್ ಪಟ್ಟಿ ಕಟ್ಟಿ, ನೆಲಕ್ಕೆ ಜಾರೋ ನ್ಯೂಸ್‌ಪೇಪರ್ ತೆಗ್ದು ಒರಟು ಬಟ್ಟೆ ಹಾಸಿದ್ರೆ ಎಷ್ಟೋ ಮರಿಗಳು ನಡೆಯೋಕೆ ಶುರುಮಾಡ್ತವೆ. ಹಿಂಭಾಗದಲ್ಲಿ ಹಿಕ್ಕೆ ಅಂಟಿ ಮುಚ್ಕೊಂಡಿದ್ರೆ ಬೆಚ್ಚನೆ ನೀರಲ್ಲಿ ಹತ್ತಿ ಅದ್ದಿ ನೆನೆಸಿ ನಿಧಾನಕ್ಕೆ ತೆಗೀರಿ, ಎಳೀಬೇಡಿ. ಮಂಕಾಗಿ ಗುಂಪು ಕಟ್ಕೊಂಡು ಒಂದರ ಮೇಲೊಂದು ಹತ್ತಿ ಕೂತಿವೆ ಅಂದ್ರೆ ಮುಕ್ಕಾಲು ಪಾಲು ಚಳಿ, ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾವು ಬೇಕು, ಬಲ್ಬು ಕೆಳಗಿಳಿಸಿ ನೋಡಿ, ಅರ್ಧ ಗಂಟೆಯಲ್ಲಿ ಗೊತ್ತಾಗುತ್ತೆ. ಮೂರು ನಾಲ್ಕು ವಾರದ ಮರಿ ರಕ್ತ ಕಲೆತ ಹಿಕ್ಕೆ ಹಾಕ್ತಿದ್ರೆ ಅದು ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ಕಾಯಿಲೆ ಇರ್ಬಹುದು, ಬೇಗ ಗೊತ್ತಾದ್ರೆ ಡಾಕ್ಟರ್ ಹೇಳಿದ ಆಂಪ್ರೋಲಿಯಂ ಔಷಧಿ ನೀರಿಗೆ ಹಾಕಿ ಕೊಟ್ಟು ಉಳಿಸ್ಬಹುದು. ಕತ್ತು ತಿರುಚಿ ಆಕಾಶ ನೋಡ್ತಿರೋ ಮರಿ ಕೆಲವು ಸಲ ವಿಟಮಿನ್ ಕೊರತೆಯಿಂದ ಹಾಗೆ ಆಗಿರುತ್ತೆ, ಉಳಿದ ಮರಿಗಳೆಲ್ಲ ಚೆನ್ನಾಗಿದ್ದು ಇದೊಂದೇ ಹಾಗಿದ್ರೆ ಡಾಕ್ಟರ್‌ನ ಕೇಳಿ ವಿಟಮಿನ್ ಕೊಟ್ಟು ನೋಡೋಕೆ ಅರ್ಥ ಇದೆ.

ಇನ್ನು ಕೈ ಮೀರಿದ್ದು. ಹೊಕ್ಕುಳ ಮುಚ್ಚದೆ ಹೊಟ್ಟೆ ಉಬ್ಬಿ ನೀಲಿಗಟ್ಟಿ ಕೆಟ್ಟ ವಾಸನೆ ಬರ್ತಿರೋ ಮರಿ. ಕಾಗೆ, ಇಲಿ, ಮುಂಗುಸಿ, ಬೆಕ್ಕು ಕಚ್ಚಿ ಕರುಳು ಆಚೆ ಬಂದಿರೋ ಮರಿ. ಹೇಟೆ ಕಾಲಡಿ ಸಿಕ್ಕೋ, ಬಾಗ್ಲು ಸಂದಿಗೆ ಸಿಕ್ಕೋ ಬೆನ್ನುಮೂಳೆ ಮುರಿದು ಹಿಂಗಾಲು ಎಳೀತಿರೋದು. ಕೊಕ್ಕು ಪೂರ್ತಿ ಅಡ್ಡಡ್ಡ ಬೆಳೆದು ಕಾಳು ಎತ್ತೋಕೇ ಆಗ್ದೆ ಒಣಗ್ತಿರೋದು. ಕೊಕ್ಕರೆ ರೋಗ, ಅಂದ್ರೆ ರಾಣಿಖೇತ, ಬಂದು ನರ ಹಿಡ್ದು ಕತ್ತು ತಿರುಚಿ ನೆಲದಲ್ಲಿ ಸುತ್ತುತ್ತಾ ಬಿದ್ದಿರೋದು. ಸ್ವಲ್ಪ ದೊಡ್ಡ ಮರಿಗಳಲ್ಲಿ ಒಂದು ಕಾಲು ಮುಂದಕ್ಕೆ ಒಂದು ಕಾಲು ಹಿಂದಕ್ಕೆ ಚಾಚ್ಕೊಂಡು ಲಕ್ವ ಹೊಡೆದ ಹಾಗೆ ಆಗೋ ಮೇರೆಕ್ಸ್ ಕಾಯಿಲೆ, ಇದಕ್ಕೆ ಔಷಧಿ ಇಲ್ಲ. ಹುಟ್ಟಿದ ಮೊದಲನೇ ದಿನ ಹಾಕೋ ಲಸಿಕೆ ಇದೆ ಅಷ್ಟೆ.

ನರಳ್ತಿದ್ಯಾ ಇಲ್ವಾ ಅಂತ ಗೊತ್ತಾಗ್ದಿದ್ರೆ ನಾಲ್ಕು ಪ್ರಶ್ನೆ ಕೇಳ್ಕೊಳ್ಳಿ. ತಾನಾಗೇ ತಿನ್ನುತ್ತಾ? ನೀರು ಕುಡಿಯುತ್ತಾ? ಎದ್ದು ನಿಲ್ಲುತ್ತಾ? ಬೇರೆ ಮರಿಗಳ ಹತ್ರ ಹೋಗೋಕೆ ಪ್ರಯತ್ನ ಪಡುತ್ತಾ? ನಾಲ್ಕಕ್ಕೂ ಇಲ್ಲ ಅಂತ ಬಂದು, ಬಾಯಿ ತೆರ್ಕೊಂಡು ಉಸಿರೆಳೀತಿದ್ರೆ, ಒಂದೇ ಸಮ ಕೀರಲು ದನಿಯಲ್ಲಿ ಕೂಗ್ತಿದ್ರೆ, ಇಲ್ಲಾ ಮುಟ್ಟಿದ್ರೂ ಕಣ್ಣು ಬಿಡ್ತಿಲ್ಲ ಅಂದ್ರೆ ಅದರ ಸ್ಥಿತಿ ನಿಮಗೆ ಸ್ಪಷ್ಟವಾಗಿ ಕಾಣ್ತಿದೆ.

ಗಡುವು ಇಟ್ಕೊಳ್ಳಿ, ಬರೆದಿಡಿ

ಇದು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಮರಿ ಒಡೆಯೋಕೆ ಮುಂಚೆನೇ, ಎಲ್ಲ ಚೆನ್ನಾಗಿರೋವಾಗ್ಲೇ, ಮನೆಯಲ್ಲಿ ಕೂತು ಒಂದು ನೋಟ್‌ಬುಕ್ಕಲ್ಲಿ ಬರೀರಿ: ಇಂಥಿಂಥ ಸ್ಥಿತಿ ಆದ್ರೆ ಕಾಯಲ್ಲ, ಇಂಥದ್ದಕ್ಕೆ ಇಷ್ಟು ಹೊತ್ತು ಚಿಕಿತ್ಸೆ ಕೊಟ್ಟು ನೋಡ್ತೀವಿ, ಯಾರು ಮಾಡೋದು, ಯಾರನ್ನ ಕೇಳೋದು. ಕರುಳು ಆಚೆ ಬಂದಿದ್ರೆ ಗಡುವೇ ಬೇಡ, ಆಗ್ಲೇ ಮುಗಿಸ್ಬೇಕು. ಕಾಲು ಚಾಚಿದ್ದಕ್ಕೆ ಪಟ್ಟಿ ಕಟ್ಟಿ ಮೂರ್ನಾಲ್ಕು ದಿನ. ಮಂಕಾಗಿರೋದಕ್ಕೆ ಬೆಚ್ಚಗಿಟ್ಟು, ಸಕ್ಕರೆ ನೀರು ಕೊಕ್ಕಿನ ತುದಿಗೆ ಸೋಕಿಸಿ, ಒಂದು ದಿನ. ಇಷ್ಟು ಸಾಕು.

ಯಾಕೆ ಬರೀಬೇಕು ಅಂದ್ರೆ, ಮರಿ ಕೈಯಲ್ಲಿರೋವಾಗ ತಲೆ ಓಡಲ್ಲ. ಅದು ಒಂದ್ಸಲ ಕಣ್ಣು ಬಿಟ್ಟು ನೋಡಿದ್ರೆ ಸಾಕು ಆಸೆ ಹುಟ್ಬಿಡುತ್ತೆ, ಎರಡು ನಿಮಿಷಕ್ಕೆ ಮತ್ತೆ ಕುಸೀತೀರ, ಹೀಗೆ ರಾತ್ರಿಯೆಲ್ಲ ಮೇಲೆ ಕೆಳಗೆ. ಶಾಂತವಾಗಿದ್ದಾಗ ನೀವೇ ಬರೆದ ಮಾತು ಆಗ ನಿಮ್ಮ ಕೈ ಹಿಡ್ಯುತ್ತೆ. ಆಮೇಲೆ "ಅವಸರ ಮಾಡ್ದೆನಾ" ಅಂತ ಮನಸ್ಸು ಕೇಳಿದಾಗ್ಲೂ ಉತ್ತರ ಕೊಡೋಕೆ ಆ ಪುಟ ಇರುತ್ತೆ.

ಗಡುವು ಇಟ್ಟಾಗ ಗಡಿಯಾರದ ಸಮಯನೇ ಹೇಳಿ, "ನಾಳೆ ಬೆಳಿಗ್ಗೆ 8 ಗಂಟೆಗೆ ನೋಡ್ತೀವಿ" ಅಂತ. "ಸ್ವಲ್ಪ ನೋಡೋಣ" ಅಂದ್ರೆ ಅದಕ್ಕೆ ಕೊನೆನೇ ಇರಲ್ಲ. ಮತ್ತೆ ಒಬ್ಬರೇ ತೀರ್ಮಾನ ಮಾಡ್ಬೇಡಿ, ಮನೆಯಲ್ಲಿ ಇನ್ನೊಬ್ಬರಿಗೆ ತೋರಿಸಿ, ಯಾರೂ ಇಲ್ಲಾಂದ್ರೆ ಕೋಳಿ ಸಾಕೋ ಪಕ್ಕದ ಮನೆಯ ಅಕ್ಕನಿಗೋ ಅಣ್ಣನಿಗೋ ಒಂದು ಸಣ್ಣ ವಿಡಿಯೋ ಕಳ್ಸಿ "ಇದನ್ನ ನೋಡಿ ನಿಮಗೇನನ್ಸುತ್ತೆ" ಅಂತ ಕೇಳಿ. ಇಬ್ಬರು ನೋಡಿ ಒಂದೇ ಮಾತು ಬಂದ್ರೆ ಭಾರ ಅರ್ಧ ಆಗುತ್ತೆ. ಊರಿನ ಪಶು ಆಸ್ಪತ್ರೆ ಡಾಕ್ಟರ್ ಒಂದು ಮರಿಗೋಸ್ಕರ ಮನೆಗೆ ಬರೋದು ಕಷ್ಟ ಇರ್ಬಹುದು, ಆದ್ರೆ ಫೋನಲ್ಲಿ ಕೇಳೋದಕ್ಕೆ ಸಂಕೋಚ ಪಡ್ಬೇಡಿ, ಪಶು ಇಲಾಖೆಯ 1962 ಸಹಾಯವಾಣಿನೂ ಇದೆ. "ಉಳಿಯಲ್ಲಮ್ಮ, ಕಷ್ಟ ಕೊಡ್ಬೇಡಿ" ಅಂತ ಡಾಕ್ಟರ್ ಬಾಯಿಂದ ಬಂದ ಒಂದು ಮಾತು ಎಷ್ಟು ಸಮಾಧಾನ ಕೊಡುತ್ತೆ ಅಂತ ಕೇಳಿಸ್ಕೊಂಡವರಿಗೇ ಗೊತ್ತು.

ಒಂದು ವಿಷಯ ಮಾತ್ರ ಬೇರೆ. ಒಂದೇ ಸಲ ತುಂಬಾ ಮರಿ, ಕೋಳಿ ಸಾಯೋಕೆ ಶುರುವಾದ್ರೆ ನೀವೇ ತೀರ್ಮಾನ ಮಾಡೋ ಸಮಯ ಅದಲ್ಲ, ಸತ್ತಿದ್ದನ್ನ ಮುಟ್ಟದೆ, ಎಲ್ಲೂ ಸಾಗಿಸ್ದೆ ಪಶು ಇಲಾಖೆಗೆ ತಿಳಿಸ್ಬೇಕು. ಹಕ್ಕಿಜ್ವರ ಅಂತ ಖಾತ್ರಿಯಾದ್ರೆ ಸುತ್ತ 1 ಕಿಲೋಮೀಟರ್ ಒಳಗಿನ ಕೋಳಿಗಳನ್ನೆಲ್ಲ ಇಲಾಖೆಯವರೇ ಬಂದು ಕೊಲ್ತಾರೆ, 2020ರ ಮಾರ್ಚಲ್ಲಿ ಮೈಸೂರಿನ ಕುಂಬಾರಕೊಪ್ಪಲಲ್ಲೂ, 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲೂ ಇಂಥ ದಿನ ಬಂದಿತ್ತು. ಕಾಯಿಲೆ ಇಲ್ಲದ, ಓಡಾಡ್ಕೊಂಡಿದ್ದ ಕೋಳಿನೂ ಮರಿನೂ ಕಣ್ಣೆದುರಿಗೆ ಚೀಲಕ್ಕೆ ಹೋಗೋದು ನೋಡೋದು ಬೇರೆ ಥರದ ಸಂಕಟ. ಅಲ್ಲಿ ನರಳ್ತಿತ್ತು ಅನ್ನೋ ಸಮಾಧಾನನೂ ಇಲ್ಲ. ಅಂಥ ಮನೆಗೆ ಹೋದ್ರೆ ಪರಿಹಾರ ಎಷ್ಟು ಬಂತು ಅಂತ ಮೊದಲ ಮಾತಲ್ಲೇ ಕೇಳ್ಬೇಡಿ ದಯವಿಟ್ಟು, ಸುಮ್ನೆ ಕೂತು ಕೇಳಿಸ್ಕೊಳ್ಳಿ.

ಮಾಡೋ ಹೊತ್ತು

ಮರಿಗೆ ನೋವು ಕಮ್ಮಿ ಆದಷ್ಟೂ ನಿಮ್ಮ ಮನಸ್ಸಿಗೆ ಗಾಯ ಕಮ್ಮಿ. ಹಾಗಾಗಿ ವಿಧಾನದ ಬಗ್ಗೆ ಸ್ವಲ್ಪ ಹೇಳ್ಲೇಬೇಕು. ಪಶುವೈದ್ಯರು ಮಾಡಿಕೊಡ್ತಾರೆ ಅಂದ್ರೆ ಅದೇ ಮೊದಲ ಆಯ್ಕೆ. ಆಗಲ್ಲ ಅಂದ್ರೆ ಸಣ್ಣ ಮರಿಗೆ ತಲೆ ಮತ್ತು ಕತ್ತಿನ ಮೂಳೆ ಒಂದೇ ಸಲಕ್ಕೆ ಬೇರೆಯಾಗೋ ಹಾಗೆ ಮಾಡೋ ಪದ್ಧತಿ ಇದೆ, ಸರಿಯಾಗಿ ಮಾಡಿದ್ರೆ ಪ್ರಜ್ಞೆ ಬೇಗ ಹೋಗುತ್ತೆ, ಆದ್ರೆ ಇದನ್ನ ಓದಿ ಕಲಿಯೋದಲ್ಲ, ಗೊತ್ತಿರೋ ಡಾಕ್ಟರ್ ಹತ್ರನೋ ಅನುಭವ ಇರೋರ ಹತ್ರನೋ ಆಗಲೇ ಸತ್ತಿರೋ ಮರಿ ಮೇಲೆ ತೋರಿಸ್ಕೊಂಡು ಕಲೀಬೇಕು. ಕೋಳಿ ಸಾಕೋಕೆ ಶುರುಮಾಡೋ ಪ್ರತಿಯೊಬ್ಬರೂ ಇದನ್ನ ಮೊದಲ ವರ್ಷನೇ ಕಲಿಯೋದು ಒಳ್ಳೇದು, ಅರ್ಧ ಧೈರ್ಯದಲ್ಲಿ ಅರ್ಧ ಕೆಲ್ಸ ಮಾಡಿದ್ರೆ ಆ ನೆನಪು ಬಿಡಲ್ಲ.

ಮಾಡ್ಬಾರದ್ದು ಸ್ಪಷ್ಟವಾಗಿ ಹೇಳ್ತೀನಿ. ನೀರಲ್ಲಿ ಮುಳುಗ್ಸೋದು, ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡೋದು, ಫ್ರೀಜರ್‌ಗೆ ಇಡೋದು, ಬಿಸಿಲಿಗೆ ಬಿಡೋದು, ಜೀವ ಇರೋವಾಗ್ಲೇ ಹೂಳೋದು, "ಕಾಗೆ ತಗೊಂಡೋಗ್ಲಿ" ಅಂತ ತಿಪ್ಪೆ ಮೇಲಿಡೋದು. ಇವೆಲ್ಲ ನಮ್ಮ ಕೈಗೆ ರಕ್ತ ಅಂಟಲ್ಲ ಅನ್ನೋ ಒಂದೇ ಕಾರಣಕ್ಕೆ ಜನ ಮಾಡೋದು. ಆಗ ತಾನೆ ಹುಟ್ಟಿದ ಮರಿಗಳು ಆಮ್ಲಜನಕ ಕಮ್ಮಿ ಇದ್ರೂ ದೊಡ್ಡ ಕೋಳಿಗಿಂತ ಜಾಸ್ತಿ ಹೊತ್ತು ತಡ್ಕೊಳ್ತವೆ, ಅಂದ್ರೆ ಉಸಿರುಕಟ್ಟಿಸಿದ್ರೆ ಬೇಗ ಸಾಯಲ್ಲ, ಒದ್ದಾಡ್ತಾ ಇರ್ತವೆ. ಮುಖ ತಿರುಗಿಸ್ಕೊಂಡು ಹೋದವರಿಗೆ ಅದು ಕಾಣಲ್ಲ ಅಷ್ಟೆ.

ಇನ್ನೊಂದು ಯಾರೂ ಮುಂಚೆ ಹೇಳದ ವಿಷಯ. ಪ್ರಾಣ ಹೋದ್ಮೇಲೂ ಮರಿಯ ಕಾಲು ರೆಕ್ಕೆ ಸ್ವಲ್ಪ ಹೊತ್ತು ಬಡ್ಕೊಳ್ಳುತ್ತೆ. ಜೋರಾಗೇ ಬಡ್ಕೊಳ್ಬಹುದು. ಮೆದುಳಿನ ಸಂಪರ್ಕ ತಪ್ಪಿದ ನರಗಳು ತಾವೇ ಮಾಡೋ ಚಲನೆ ಅದು, ಮರಿಗೆ ನೋವು ಗೊತ್ತಾಗ್ತಿರಲ್ಲ. ಇದು ಗೊತ್ತಿಲ್ದೆ ಎಷ್ಟೋ ಜನ "ನಾನು ಸರಿಯಾಗಿ ಮಾಡ್ಲಿಲ್ಲ, ಅದು ನರಳ್ತಾ ಸತ್ತೋಯ್ತು" ಅಂತ ವರ್ಷಗಟ್ಲೆ ಒಳಗೇ ಕೊರಗಿರ್ತಾರೆ. ಬಡ್ಕೊಳ್ಳೋದು ನಿಂತ್ಮೇಲೆ ಉಸಿರಿಲ್ಲ, ಎದೆ ಬಡಿತ ಇಲ್ಲ, ಕಣ್ಣಿನ ಗುಡ್ಡೆನ ಮೆಲ್ಲಗೆ ಮುಟ್ಟಿದ್ರೆ ರೆಪ್ಪೆ ಅಲ್ಲಾಡಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಖಾತ್ರಿ ಮಾಡ್ಕೊಂಡ್ರೆ ರಾತ್ರಿ "ಇನ್ನೂ ಜೀವ ಇತ್ತೇನೋ" ಅನ್ನೋ ಯೋಚ್ನೆ ಬರಲ್ಲ.

ಜಾಗ ಬೇರೆ ಇರ್ಲಿ. ಮರಿಗಳನ್ನ ಬೆಚ್ಚಗಿಡೋ ಗೂಡು, ಅಂದ್ರೆ ಬ್ರೂಡರ್, ಅದರ ಪಕ್ಕ ಬೇಡ, ಹೇಟೆ ಎದುರಿಗೆ ಬೇಡ, ಅಡುಗೆ ಮನೆ ಹಿಂದಿನ ಕಟ್ಟೆ ಮೇಲೆ ಬೇಡ, ಯಾಕಂದ್ರೆ ದಿನಾ ಅಲ್ಲೇ ಪಾತ್ರೆ ತೊಳೀಬೇಕಾದೋರಿಗೆ ದಿನಾ ಅದೇ ನೆನಪಾಗುತ್ತೆ. ಫೋನ್ ಒಳಗಿಟ್ಟು ಬನ್ನಿ. ಮರಿನ ಹತ್ತಿ ಬಟ್ಟೆಯಲ್ಲಿ ಬೆಚ್ಚಗೆ ಸುತ್ತಿ ಒಂದೆರಡು ನಿಮಿಷ ಅಂಗೈಯಲ್ಲಿ ಹಿಡ್ಕೊಳ್ಳಿ, ಕತ್ತಲಾದಂಗೆ ಅನಿಸಿದ್ರೆ ಅದು ಸ್ವಲ್ಪ ಶಾಂತ ಆಗುತ್ತೆ. ಏನಾದ್ರೂ ಹೇಳ್ಬೇಕು ಅನ್ಸಿದ್ರೆ ಹೇಳಿ, ದೇವರ ಹೆಸರೋ, ಕ್ಷಮಿಸು ಕಂದ ಅಂತನೋ, ಯಾರೂ ಕೇಳಿಸ್ಕೊಳ್ತಿಲ್ಲ. ಕೆಲವು ಮನೆಗಳಲ್ಲಿ ಕೊನೆಗೆ ತುಳಸಿ ನೀರು ಬಿಡ್ತಾರೆ, ಆ ಭಾವನೆ ನನಗೂ ಅರ್ಥ ಆಗುತ್ತೆ, ಆದ್ರೆ ಸುಸ್ತಾಗಿರೋ ಮರಿ ಬಾಯಿಗೆ ನೀರು ಹುಯ್ದ್ರೆ ಶ್ವಾಸನಾಳಕ್ಕೆ ಹೋಗಿ ಉಸಿರುಗಟ್ಟುತ್ತೆ, ಬೇಕಾದ್ರೆ ಒಂದು ಹನಿ ಕೊಕ್ಕಿನ ಹೊರಗೆ ಸೋಕಿಸಿ ಸಾಕು. ಉಸಿರು ಎಳೆದು ನಿಧಾನಕ್ಕೆ ಬಿಡಿ, ಕೈ ನಡುಗೋದು ನಿಲ್ಲಲಿಲ್ಲ ಅಂದ್ರೆ ಪಕ್ಕದಲ್ಲಿರೋರಿಗೆ ಕೊಡಿ. ಆವತ್ತು ಆಗಲ್ಲ ಅನ್ನೋದು ಸೋಲಲ್ಲ, ನಡುಗೋ ಕೈಯಲ್ಲಿ ಮಾಡಿದ್ರೆ ಮರಿಗೇ ತೊಂದ್ರೆ.

ಹೂಳೋದು ಎರಡು ಮೂರು ಅಡಿ ಆಳಕ್ಕೆ, ಬಾವಿ ಬೋರ್‌ವೆಲ್‌ನಿಂದ ದೂರ, ಮೇಲೆ ಸುಣ್ಣ ಹಾಕಿ ಮಣ್ಣು ಮುಚ್ಚಿ, ನಾಯಿ ಕೆದರದ ಹಾಗೆ ಒಂದು ಕಲ್ಲಿಡಿ. ಸೋಪು ಹಾಕಿ ಕೈ ತೊಳೀರಿ. ಸ್ನಾನ ಮಾಡ್ಬೇಕು ಅನ್ಸಿದ್ರೆ ಮಾಡಿ, ನಮ್ಮಲ್ಲಿ ಸಾವಿನ ಮನೆಯಿಂದ ಬಂದು ಸ್ನಾನ ಮಾಡೋ ಅಭ್ಯಾಸ ಇರೋರಿಗೆ ಅದರಿಂದ ಮನಸ್ಸಿಗೂ ಒಂಥರಾ ಮುಗೀತು ಅನಿಸುತ್ತೆ.

ಆಮೇಲೆ

ಅವತ್ತು ಊಟ ಸೇರದೆ ಇರ್ಬಹುದು. ಮತ್ತೆ ಮತ್ತೆ ಅದೇ ದೃಶ್ಯ ಕಣ್ಣಮುಂದೆ ಬರ್ಬಹುದು. ಅಳು ಬಂದ್ರೆ ಅಳಿ, ಗಂಡಸ್ರೂ ಅಳಿ. ಕೆಲವರಿಗೆ ಅಳು ಬರಲ್ಲ, ಒಂಥರಾ ನಿರಾಳ ಅನ್ಸುತ್ತೆ, ಆಮೇಲೆ "ನನಗ್ಯಾಕೆ ನಿರಾಳ ಆಯ್ತು, ನಾನು ಕಲ್ಲುಮನಸ್ಸಿನವಳಾ" ಅಂತ ಇನ್ನೊಂದು ಚಿಂತೆ ಹತ್ಕೊಳ್ಳುತ್ತೆ. ಎರಡು ದಿನದಿಂದ ನರಳಾಟ ನೋಡಿದವರಿಗೆ ಅದು ನಿಂತಾಗ ನಿರಾಳ ಆಗ್ದೆ ಇನ್ನೇನಾಗ್ಬೇಕು? ಆ ನಿರಾಳನೂ ಆ ಮರಿ ಮೇಲಿನ ಪ್ರೀತಿಯಿಂದನೇ ಬಂದಿದ್ದು.

ಅತಿ ಜಾಸ್ತಿ ಕಾಡೋ ಪ್ರಶ್ನೆ "ಇನ್ನೊಂದು ದಿನ ಕಾದಿದ್ರೆ ಉಳೀತಿತ್ತಾ". ಇದಕ್ಕೆ ತಲೆ ಒಳಗೇ ಉತ್ತರ ಹುಡುಕ್ಬೇಡಿ, ನೋಟ್‌ಬುಕ್ ತೆಗ್ದು ಅವತ್ತೇ ನಾಲ್ಕು ಸಾಲು ಬರೀರಿ. ಏನೇನು ಲಕ್ಷಣ ಇತ್ತು, ಏನು ಚಿಕಿತ್ಸೆ ಕೊಟ್ವಿ, ಯಾರನ್ನ ಕೇಳಿದ್ವಿ, ಎಷ್ಟೊತ್ತಿಗೆ ಮುಗಿಸಿದ್ವಿ. ಒಂದು ವಾರ ಆದ್ಮೇಲೆ ನೆನಪು ಬಣ್ಣ ಬದಲಾಯಿಸುತ್ತೆ, ಮರಿ ನಿಜವಾಗಿ ಇದ್ದಿದ್ದಕ್ಕಿಂತ ಗಟ್ಟಿಯಾಗಿತ್ತು ಅನ್ಸೋಕೆ ಶುರುವಾಗುತ್ತೆ. ಆಗ ಆ ಪುಟ ಓದಿ. ಕರುಳು ಆಚೆ ಬಂದಿತ್ತು ಅಂತ ನಿಮ್ಮ ಕೈಬರಹದಲ್ಲೇ ಇರುತ್ತೆ.

ಇನ್ನು ಪಾಪದ ಪ್ರಶ್ನೆ. ಇದನ್ನ ನಾನು ಯಾರಿಗೂ ವಾದ ಮಾಡಿ ಗೆಲ್ಸೋಕೆ ಹೋಗಲ್ಲ, ಒಬ್ಬೊಬ್ಬರ ಮನೆ ನಂಬಿಕೆ ಒಂದೊಂದು ಥರ. ಜೈನ ಮನೆಯವರಿಗೋ, ಮಾಂಸ ಮುಟ್ಟದೆ ಬರೀ ಮೊಟ್ಟೆ ಮಾರೋದಕ್ಕೋ ಪ್ರೀತಿಗೋ ಕೋಳಿ ಸಾಕಿರೋರಿಗೋ ಜೀವ ತೆಗೆಯೋದು ಅನ್ನೋದೇ ಒಪ್ಪದ ಮಾತು ಇರ್ಬಹುದು. ಅಂಥವರು ಮರಿನ ಕೊನೆವರೆಗೆ ಬೆಚ್ಚಗೆ, ಕತ್ತಲಲ್ಲಿ, ಬೇರೆ ಮರಿಗಳು ಕುಕ್ಕದ ಹಾಗೆ ಬೇರೆ ಬುಟ್ಟಿಯಲ್ಲಿಟ್ಟು, ನೋವು ಕಮ್ಮಿ ಮಾಡೋಕೆ ಡಾಕ್ಟರ್ ಹತ್ರ ಏನಾದ್ರೂ ಸಿಗುತ್ತಾ ಕೇಳಿ. ಆದ್ರೆ ಕರುಳು ಆಚೆ ಬಂದ ಮರಿನ ಸುಮ್ನೆ ಬಿಟ್ಟು "ನಾನೇನೂ ಮಾಡ್ಲಿಲ್ಲ" ಅನ್ನೋದರಲ್ಲಿ ನನಗೆ ಅಹಿಂಸೆ ಕಾಣಲ್ಲ. ನನ್ನ ಅಭಿಪ್ರಾಯ ಇಷ್ಟೇ, ನಮ್ಮ ಆಶ್ರಯದಲ್ಲಿ ಹುಟ್ಟಿದ ಜೀವದ ನೋವಿಗೆ ನಾವು ಉತ್ತರ ಕೊಡ್ಬೇಕು, ಅದು ಹೇಗೆ ಅಂತ ನಿಮ್ಮ ಮನಸ್ಸಾಕ್ಷಿ ಹೇಳ್ಲಿ.

"ಭಾನುವಾರ ಚಿಕನ್ ತಿಂತೀಯ, ಇದಕ್ಯಾಕೆ ಅಳ್ತೀಯ" ಅನ್ನೋರು ಸಿಕ್ಕೇ ಸಿಕ್ತಾರೆ. ಅವರ ಜೊತೆ ವಾದಕ್ಕೆ ಇಳೀಬೇಡಿ, "ಇದನ್ನ ನಾನು ಬದುಕಿಸೋಕೆ ನೋಡಿದ್ದೆ" ಅಂತ ಒಂದು ಮಾತು ಹೇಳಿ ಎದ್ದು ಬನ್ನಿ. ಊಟಕ್ಕೆ ಕೊಯ್ಯೋ ಹುಂಜಕ್ಕೂ ಕಾಯಿಲೆ ಮರಿಗೂ ಮನಸ್ಸು ಬೇರೆ ಬೇರೆ ಥರ ಸ್ಪಂದಿಸುತ್ತೆ, ಅದರಲ್ಲಿ ಬೂಟಾಟಿಕೆ ಏನೂ ಇಲ್ಲ. ಕೋಳಿ ಸಾಕಿ ಅನುಭವ ಇರೋರ ಹತ್ರ ಹೇಳ್ಕೊಳ್ಳಿ, ಅವರಿಗೆ ಅರ್ಧ ಮಾತಲ್ಲೇ ಅರ್ಥ ಆಗುತ್ತೆ.

ಒಬ್ಬರ ತಲೆಗೇ ಕಟ್ಬೇಡಿ

ತುಂಬಾ ಮನೆಗಳಲ್ಲಿ ಈ ಕೆಲ್ಸ ಯಾವಾಗ್ಲೂ ಒಬ್ಬರ ಪಾಲಿಗೇ ಬರುತ್ತೆ. "ಅತ್ತೆಗೆ ಅಭ್ಯಾಸ ಇದೆ", "ಅಪ್ಪನಿಗೆ ಏನೂ ಅನ್ಸಲ್ಲ", "ದೊಡ್ಡವನು ಮಾಡ್ತಾನೆ ಬಿಡು". ಅವರಿಗೆ ಏನೂ ಅನ್ಸಲ್ಲ ಅಂತ ಹೇಗೆ ಗೊತ್ತು, ಯಾರಾದ್ರೂ ಕೇಳಿದ್ದೀರಾ? ಸರದಿ ಮಾಡ್ಕೊಳ್ಳಿ. ಮಾಡೋಕಾಗ್ದಿದ್ದವರು ಗುಂಡಿ ತೋಡಿ, ಬ್ರೂಡರ್ ತೊಳೀರಿ, ಆಮೇಲೆ ಒಂದು ಲೋಟ ಕಾಫಿ ಮಾಡಿಕೊಟ್ಟು ಪಕ್ಕ ಕೂರಿ.

ಬಾಯ್ಲರ್ ಶೆಡ್‌ಗಳಲ್ಲಿ ಕೆಲ್ಸ ಮಾಡೋ ಹುಡುಗ್ರ ಬಗ್ಗೆ ನನಗೆ ತುಂಬಾ ಯೋಚ್ನೆ ಆಗುತ್ತೆ. ಐದು ಸಾವಿರ, ಹತ್ತು ಸಾವಿರ ಮರಿ ಇಳಿಯೋ ಶೆಡ್ಡಲ್ಲಿ ಮೊದಲ ವಾರ ದಿನಾ ಬೆಳಿಗ್ಗೆ ಸುತ್ತು ಹೊಡೆದು, ಸತ್ತಿದ್ದು ಎತ್ತೋದು, ಕುಂಟೋದು ಕುಗ್ಗಿದ್ದು ಬೇರೆ ಮಾಡಿ ಮುಗಿಸೋದು ಅವರ ಕೆಲ್ಸ. ಎಷ್ಟೋ ಜನ ಊರು ಬಿಟ್ಟು ಬಂದವರು, ಭಾಷೆ ಬರಲ್ಲ, ಶೆಡ್ ಪಕ್ಕದಲ್ಲೇ ವಾಸ. ಮರಿ ಕಡೆ ಕಾಳಜಿಯೂ ಅವರದ್ದೇ, ಕೊಲ್ಲೋದೂ ಅವರದ್ದೇ, ದಿನಾ ದಿನಾ. ಹೀಗಾದಾಗ ಕೆಲವರು ಕಲ್ಲಾಗ್ತಾರೆ, ಮರಿನ ಎಸೆಯೋದು, ಒರಟಾಗಿ ಹಿಡಿಯೋದು ಶುರುವಾಗುತ್ತೆ, ಕೆಲವರು ಕುಡಿತಕ್ಕೆ ಬೀಳ್ತಾರೆ. ಕಂಪ್ಯಾಷನ್ ಫಟೀಗ್, ಅಂದ್ರೆ ಬೇರೆಯವರ ನೋವು ನೋಡಿ ನೋಡಿ ಮನಸ್ಸು ದಣಿದುಹೋಗೋದು, ಅಂತ ಆಸ್ಪತ್ರೆ ನರ್ಸ್‌ಗಳಿಗೆ, ಪಶುವೈದ್ಯರಿಗೆ ಆಗೋದನ್ನ ಎಲ್ಲರೂ ಮಾತಾಡ್ತಾರೆ, ಶೆಡ್ ಹುಡುಗ್ರಿಗೂ ಅದೇ ಆಗುತ್ತೆ. ನೀವು ಶೆಡ್ ಮಾಲೀಕರಾಗಿದ್ರೆ ಸರಿಯಾದ ವಿಧಾನ ಕಲಿಸಿ, ದಿನಾ ಒಬ್ಬನಿಗೇ ಹೇಳ್ಬೇಡಿ, ಇಂಥ ಕೆಲ್ಸ ಆದ ದಿನ ಮಧ್ಯಾಹ್ನ ಬೇರೆ ಕೆಲ್ಸಕ್ಕೆ ಹಾಕಿ, "ಏನಪ್ಪಾ ಹೇಗಿದ್ದೀಯ" ಅಂತ ಕೇಳಿ. ಖರ್ಚಿಲ್ಲದ ಕೆಲ್ಸ ಇದು.

ಮಕ್ಕಳಿದ್ದ ಮನೆ

ಜಾತ್ರೆಯಲ್ಲಿ, ಸಂತೆಯಲ್ಲಿ ಗುಲಾಬಿ, ಹಸಿರು, ನೀಲಿ ಬಣ್ಣ ಹಚ್ಚಿದ ಮರಿ ಮಾರ್ತಾರಲ್ಲ, ಅವು ಹೆಚ್ಚಿನವು ಮೊಟ್ಟೆ ಕೋಳಿ ತಳಿಯ ಗಂಡು ಮರಿಗಳು, ಮೊಟ್ಟೆ ಇಡಲ್ಲ, ಮಾಂಸಕ್ಕೂ ಲಾಭ ಇಲ್ಲ ಅಂತ ಹ್ಯಾಚರಿಯಿಂದ ಅಗ್ಗಕ್ಕೆ ಬಂದವು. ಕಾವಿಲ್ಲದೆ, ನೀರಿಲ್ಲದೆ, ರಟ್ಟಿನ ಡಬ್ಬದಲ್ಲಿ ದಿನವೆಲ್ಲ ಇದ್ದು ಮನೆಗೆ ಬರೋ ಹೊತ್ತಿಗೇ ಅರ್ಧ ಜೀವ ಆಗಿರ್ತವೆ. ಮಗು ಅದಕ್ಕೆ ಹೆಸರಿಟ್ಟು, ಶೂ ಡಬ್ಬದಲ್ಲಿ ಮನೆ ಮಾಡಿ, ಮೂರನೇ ದಿನಕ್ಕೆ ಅದು ಮಲಗಿಬಿಡುತ್ತೆ. ಬೆಂಗಳೂರಿನ ಅಪಾರ್ಟ್‌ಮೆಂಟ್ ಮನೆಗಳಲ್ಲೂ ಇದು ಆಗುತ್ತೆ. ಎಷ್ಟೋ ಮಕ್ಕಳು ಸಾವನ್ನ ಮೊದಲ ಸಲ ನೋಡೋದು ಈ ಬಣ್ಣದ ಮರಿಯಿಂದನೇ.

ಮಗುಗೆ ಸುಳ್ಳು ಹೇಳ್ಬೇಡಿ. "ಊರಿಗೆ ಹೋಯ್ತು", "ಮಲ್ಕೊಂಡಿದೆ", "ಅದರಮ್ಮನ ಹತ್ರ ಬಿಟ್ಟುಬಂದ್ವಿ" ಅಂದ್ರೆ ಆ ಕ್ಷಣಕ್ಕೆ ಅಳು ನಿಲ್ಲುತ್ತೆ, ಆದ್ರೆ ಸಣ್ಣ ಮಕ್ಕಳು ಮಲಗಿದ್ರೆ ಏಳಲ್ವೇನೋ ಅಂತ ನಿದ್ದೆಗೇ ಹೆದರ್ತಾರೆ, ಇಲ್ಲಾ ಬಿಟ್ಟುಬಂದಿದ್ದನ್ನ ಕರ್ಕೊಂಡ್ಬಾ ಅಂತ ತಿಂಗಳುಗಟ್ಲೆ ಕೇಳ್ತಾರೆ. ನೇರವಾಗಿ ಸಣ್ಣ ಮಾತಲ್ಲಿ ಹೇಳಿ: "ಪುಟ್ಟಾ, ಮರಿಗೆ ತುಂಬಾ ಹುಷಾರಿರ್ಲಿಲ್ಲ, ಡಾಕ್ಟರ್‌ಗೂ ಸರಿ ಮಾಡೋಕಾಗ್ಲಿಲ್ಲ, ತುಂಬಾ ನೋವಾಗ್ತಿತ್ತು, ಆ ನೋವು ನಿಲ್ಲೋಕೆ ನಾವು ಸಹಾಯ ಮಾಡಿದ್ವಿ, ಈಗ ಅದು ಸತ್ತೋಗಿದೆ, ಇನ್ನು ಎದ್ದೇಳಲ್ಲ, ಅದಕ್ಕೆ ಈಗ ನೋವಿಲ್ಲ". ನಿನ್ನಿಂದ ಆಗಿದ್ದಲ್ಲ ಅಂತನೂ ಬಿಡಿಸಿ ಹೇಳಿ, ಯಾಕಂದ್ರೆ ಜೋರಾಗಿ ಹಿಡಿದಿದ್ದೆ, ಬಿಸ್ಕತ್ತು ತಿನ್ಸಿದ್ದೆ ಅಂತ ಮಗು ಒಳಗೇ ಲೆಕ್ಕ ಹಾಕ್ತಿರುತ್ತೆ. ನಂಗೂ ಹುಷಾರಿಲ್ಲಾಂದ್ರೆ ಹೀಗೇ ಮಾಡ್ತೀರಾ ಅಂತ ಕೇಳಿದ್ರೆ ಗದರ್ಬೇಡಿ, "ಇಲ್ಲ ಕಂದಾ, ಮನುಷ್ಯರಿಗೆ ಆಸ್ಪತ್ರೆ ಇದೆ, ನಾವು ನಿನ್ನ ಜೊತೆನೇ ಇರ್ತೀವಿ" ಅಂತ ತಬ್ಕೊಂಡು ಹೇಳಿ.

ಸಾಯಿಸೋದನ್ನ ಮಕ್ಕಳಿಗೆ ತೋರಿಸ್ಬೇಡಿ, ಹೂಳೋವಾಗ ಬರ್ಬೇಕು ಅಂದ್ರೆ ಬರ್ಲಿ, ಒಂದು ದಾಸವಾಳ ಹೂವಿಡ್ಲಿ, ಆಮೇಲೆ ಕೈ ಸೋಪಲ್ಲಿ ತೊಳಿಸಿ, ಮರಿಗಳಲ್ಲಿ ಸಾಲ್ಮೊನೆಲ್ಲಾ ಅನ್ನೋ ಹೊಟ್ಟೆ ಕೆಡಿಸೋ ರೋಗಾಣು ಇರ್ಬಹುದು. ಮರುದಿನವೇ ಸಮಾಧಾನಕ್ಕೆ ಅಂತ ಇನ್ನೊಂದು ಬಣ್ಣದ ಮರಿ ತರ್ಬೇಡಿ.

ತುಂಬಾ ದಿನ ಆದ್ರೂ ಹೋಗ್ಲಿಲ್ಲ ಅಂದ್ರೆ

ಒಂದೆರಡು ವಾರದಲ್ಲಿ ಹೆಚ್ಚಿನವರಿಗೆ ಹಗುರ ಆಗುತ್ತೆ. ಎರಡು ವಾರ ದಾಟಿದ್ರೂ ನಿದ್ದೆ ಬರ್ತಿಲ್ಲ, ಬ್ರೂಡರ್ ಹತ್ರ ಹೋಗೋಕೇ ಕಾಲು ಬರ್ತಿಲ್ಲ, ಯಾವ ಕೆಲ್ಸದಲ್ಲೂ ಮನಸ್ಸಿಲ್ಲ, ಬದುಕೇ ಬೇಡ ಅನ್ಸ್ತಿದೆ ಅಂದ್ರೆ ಅದು ಬರೀ ಮರಿ ದುಃಖ ಇಲ್ದೆ ಇರ್ಬಹುದು. ಮುಂಚೆ ಕಳ್ಕೊಂಡ ಯಾರೋ, ಅಳೋಕೆ ಸಮಯನೇ ಸಿಗದೆ ಇದ್ದ ಇನ್ಯಾವುದೋ ಸಾವು ಈ ಪುಟ್ಟ ಸಾವಿನ ಜೊತೆ ಮೇಲೆ ಬಂದಿರುತ್ತೆ. ಟೆಲಿ ಮಾನಸ್ ಅಂತ ಸರ್ಕಾರದ ಉಚಿತ ಸಹಾಯವಾಣಿ ಇದೆ, ನಂಬರ್ 14416, ದಿನದ 24 ಗಂಟೆನೂ ಕನ್ನಡದಲ್ಲೇ ಮಾತಾಡ್ಬಹುದು. ಕೋಳಿ ಮರಿ ವಿಷಯಕ್ಕೆ ಫೋನ್ ಮಾಡಿದ್ರೆ ಏನಂದ್ಕೋತಾರೋ ಅನ್ನೋ ಸಂಕೋಚ ಬೇಡ. ಬದುಕು ಬೇಡ ಅನ್ನೋ ಯೋಚ್ನೆ ಬಂದಿದ್ರಂತೂ ಎರಡು ವಾರ ಕಾಯ್ಬೇಡಿ, ಇವತ್ತೇ ಮಾಡಿ.

ಮುಂದಿನ ಕಾವಿಗೆ ಅವಸರ ಮಾಡ್ಬೇಡಿ. ಮೊದ್ಲು ಬ್ರೂಡರ್ ತೊಳೆದು ಬಿಸಿಲಿಗೆ ಒಣಗಿಸಿ, ಹಳೇ ಭತ್ತದ ಹೊಟ್ಟು ತೆಗೆದು ಹೊಸದು ಹಾಸಿ, ಇಲಿ ಮುಂಗುಸಿ ನುಗ್ಗೋ ಸಂದಿಗೆ ಸಣ್ಣ ಕಣ್ಣಿನ ಮೆಶ್ ಹೊಡೀರಿ. ಹೊಕ್ಕುಳ ಕೊಳೆತ ಮರಿ ಮತ್ತೆ ಮತ್ತೆ ಬರ್ತಿದ್ರೆ ಕೊಳಕು ಮೊಟ್ಟೆ ಕಾವಿಗಿಡೋದು ನಿಲ್ಸಿ, ಇನ್ಕ್ಯುಬೇಟರ್ ಸ್ವಚ್ಛ ಮಾಡಿ. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲಿ ಲಸೋಟ ಅನ್ನೋ ಲಸಿಕೆ ಹನಿ ಹಾಕಿಸಿ, ಆಮೇಲಿನ ಡೋಸ್‌ಗಳ ತಾರೀಖು ಪಶು ಆಸ್ಪತ್ರೆಯಲ್ಲಿ ಕೇಳಿ ಆ ನೋಟ್‌ಬುಕ್ಕಿಗೇ ಬರ್ಕೊಳ್ಳಿ. ಇನ್ನೂ ಮನಸ್ಸಾಗ್ತಿಲ್ಲ ಅಂದ್ರೆ ಈ ಸಲ ಕಾವಿಗೆ ಇಡೋದೇ ಬೇಡ, ಇರೋ ಹೇಟೆಗಳನ್ನ ನೋಡ್ಕೊಂಡು ಮೊಟ್ಟೆ ತಗೊಂಡಿರಿ, ಮುಂದಿನ ಸಲ ಹೇಟೆ ಕಾವಿಗೆ ಬಂದಾಗ ಯೋಚ್ನೆ ಮಾಡಿದ್ರಾಯ್ತು.